ಎರಡು ಅಂಕದ ಕುಟುಂಬ

‘ಕುಟುಂಬ ಎಂದರೇನು?’ ನಮ್ಮ ರಾಜ್ಯದ ಹೈಸ್ಕೂಲಿನಲ್ಲಿ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಈ ಪ್ರಶ್ನೆ ಕೇಳಿ, ಉತ್ತರ ಸಿದ್ಧವಿರುತ್ತದೆ. ಸಮಾಜದ ಮೂಲ ಘಟಕ, ಮಗುವಿನ ಮೊದಲ ಪಾಠಶಾಲೆ, ರಕ್ತಸಂಬಂಧ ಇಲ್ಲವೇ ವಿವಾಹದಿಂದ ಕೂಡಿದ ಗುಂಪು. ಎರಡು ವಾಕ್ಯ ಬರೆದರೆ ಎರಡು ಅಂಕ. ಆಮೇಲೆ ‘ಅವಿಭಕ್ತ ಕುಟುಂಬದ ಲಕ್ಷಣಗಳನ್ನು ತಿಳಿಸಿ’ ಎಂಬ ನಾಲ್ಕು ಅಂಕದ ಪ್ರಶ್ನೆ. ಅಲ್ಲಿಗೆ ಪಾಠ ಮುಗಿಯಿತು. ಗಣಿತದ ಪ್ರಮೇಯಕ್ಕೆ, ವಿಜ್ಞಾನದ ಚಿತ್ರಕ್ಕೆ ಬೆವರು ಹರಿಸುವ ಮಕ್ಕಳಿಗೆ ಇದು ಆರಾಮ ತೆಗೆದುಕೊಳ್ಳುವ ಪಾಠ.

ಆದರೆ ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಮಕ್ಕಳು ಅತ್ಯಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಪ್ರಮೇಯದ ಬಗ್ಗೆ ಅಲ್ಲ. ಅಪ್ಪ ಯಾಕೆ ಮಾತಾಡುವುದಿಲ್ಲ, ಅವ್ವ ಯಾಕೆ ಅಳುತ್ತಾಳೆ, ಗೆಳತಿ ಯಾಕೆ ಮುಖ ತಿರುಗಿಸಿಕೊಂಡಳು, ಮುಂದಿನ ವರ್ಷ ನನ್ನನ್ನು ಓದಿಸುತ್ತಾರೋ ಇಲ್ಲವೋ ಎಂಬುದರ ಬಗ್ಗೆ. ಆ ಸಂಕಟಗಳಿಗೂ ಈ ಎರಡು ಅಂಕದ ಪಾಠಕ್ಕೂ ನಂಟು ಇದೆಯಾ? ಬಿ.ಇಡಿ. ಇಂಟರ್ನ್‌ಶಿಪ್‌ನಲ್ಲಿ ನನಗೆ ಉತ್ತರ ಸಿಕ್ಕಿತು.

ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಗೆ ನಾವು ಆರು ಮಂದಿ ಪ್ರಶಿಕ್ಷಣಾರ್ಥಿಗಳು ಹೋಗಿದ್ದೆವು. ಸಮಾಜ ವಿಜ್ಞಾನದ ಪಾಠಗಳನ್ನು ಹಂಚಿಕೊಳ್ಳುವಾಗ ಒಬ್ಬರು 1857ರ ದಂಗೆ ಹಿಡಿದರು, ಇನ್ನೊಬ್ಬರು ನಕಾಶೆ ಇರುವ ಭೂಗೋಳ ಹಿಡಿದರು. ಅವಕ್ಕೆಲ್ಲ ಬಣ್ಣಬಣ್ಣದ ಚಾರ್ಟು ಮಾಡಬಹುದು, ವೀಕ್ಷಣೆಗೆ ಬಂದವರು ಮೆಚ್ಚುತ್ತಾರೆ. ಒಂಬತ್ತನೇ ತರಗತಿಯ ಸಮಾಜಶಾಸ್ತ್ರ ಭಾಗದ ‘ಕುಟುಂಬ’ ಕೊನೆಗೆ ಉಳಿಯಿತು. ಅದು ನನ್ನ ಪಾಲಿಗೆ ಬಂತು. ‘ಏನ್ ಪಾಠ ಮಾಡ್ತಿ ಅದನ್ನ? ಎಲ್ಲಾರಿಗೂ ಗೊತ್ತಿರೋದ ಐತಿ’ ಎಂದು ಗೆಳತಿ ನಕ್ಕಳು. ಎಲ್ಲರಿಗೂ ಗೊತ್ತಿರುವುದನ್ನು ಕಲಿಸುವುದೇ ಬಹಳ ಕಷ್ಟ ಎಂದು ನಮ್ಮ ಮಾರ್ಗದರ್ಶಕ ಶಿಕ್ಷಕಿ ಮಾತ್ರ ಮೊದಲೇ ಹೇಳಿದ್ದರು.

ಒಲೆ ಎರಡು, ಎಮ್ಮೆ ಒಂದು

ಪಾಠಯೋಜನೆಯಲ್ಲಿ ಬರೆದುಕೊಂಡ ಹಾಗೆ ಶುರು ಮಾಡಿದೆ. ಇಂಗ್ಲಿಷಿನ ‘ಫ್ಯಾಮಿಲಿ’ ಪದ ಬಂದದ್ದು ಲ್ಯಾಟಿನ್ನಿನ ‘ಫ್ಯಾಮುಲಸ್’ ಎಂಬ ಪದದಿಂದ, ಅದರ ಅರ್ಥ ಸೇವಕ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವಿಭಕ್ತ ಕುಟುಂಬದ ಲಕ್ಷಣ ಹೇಳಿದ್ದಾರೆ: ಒಂದೇ ಸೂರಿನಡಿ ವಾಸ, ಒಂದೇ ಒಲೆಯ ಅಡುಗೆ, ಎಲ್ಲರಿಗೂ ಸೇರಿದ ಆಸ್ತಿ, ಕೂಡಿ ಮಾಡುವ ಪೂಜೆ. ಧಾರವಾಡ ಸೀಮೆಯ ಲೋಕೂರಿನಲ್ಲಿ ನೂರಕ್ಕೂ ಹೆಚ್ಚು ಜನರಿದ್ದ ಮನೆತನದ ಹೆಸರು ಮಕ್ಕಳಿಗೂ ಗೊತ್ತಿತ್ತು. ಅಳಿಯಸಂತಾನ ಕಟ್ಟಿನ ಕರಾವಳಿಯಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಹರಿದು ಬರುತ್ತಿತ್ತು, ಮೇಘಾಲಯದ ಖಾಸಿಗಳಲ್ಲಿ ಈಗಲೂ ಮನೆ ಕಿರಿಯ ಮಗಳಿಗೆ ಹೋಗುತ್ತದೆ ಎಂದಾಗ ಹುಡುಗಿಯರ ಬೆಂಚಿನಲ್ಲಿ ಸಣ್ಣ ಗುಸುಗುಸು ಎದ್ದಿತು.

ನಂತರ ‘ನಿಮ್ಮದು ಯಾವ ಬಗೆಯ ಕುಟುಂಬ?’ ಎಂದು ಕೇಳಿದೆ. ಅಲ್ಲಿಂದ ಪಾಠ ನನ್ನ ಕೈಯಲ್ಲಿ ಉಳಿಯಲಿಲ್ಲ.

‘ನಮ್ಮಪ್ಪ ಮಂಗಳೂರಾಗ ಗೌಂಡಿ ಕೆಲಸ ಮಾಡ್ತಾನ್ರಿ, ಹಬ್ಬಕ್ಕ ಅಷ್ಟ ಬರ್ತಾನ. ನಮ್ದು ಯಾವ ಕುಟುಂಬ ಟೀಚರ್?’

‘ನಾನು ಆಯಿ ಮನ್ಯಾಗ ಇರ್ತೀನ್ರಿ. ಅಪ್ಪ ಅವ್ವ ಬೆಂಗಳೂರಾಗ ಅದಾರ. ಅಲ್ಲಿ ತಮ್ಮ ಅಷ್ಟ ಅದಾನ.’

‘ನಮ್ಮ ದೊಡ್ಡಪ್ಪನ ಒಲಿ ಬ್ಯಾರೆ, ನಮ್ಮ ಒಲಿ ಬ್ಯಾರೆ. ಆದ್ರ ಎಮ್ಮಿ ಒಂದ ಐತಿ. ಬೆಳಿಗ್ಗಿ ಹಾಲು ನಮಗ, ಸಂಜಿ ಹಾಲು ಅವರಿಗೆ.’

ಕ್ಲಾಸು ಬಿದ್ದುಬಿದ್ದು ನಕ್ಕಿತು. ಆದರೆ ಆ ಹುಡುಗ ಹೇಳಿದ್ದು ನಗುವ ಮಾತಲ್ಲ. ಐ.ಪಿ. ದೇಸಾಯಿ ಎಂಬ ಸಮಾಜಶಾಸ್ತ್ರಜ್ಞರು ಗುಜರಾತಿನ ಮಹುವಾ ಪಟ್ಟಣದ ಕುಟುಂಬಗಳನ್ನು ಅಧ್ಯಯನ ಮಾಡಿ 1964ರಲ್ಲಿ ಪುಸ್ತಕ ಬರೆದರು. ಒಂದೇ ಮನೆಯಲ್ಲಿ ಇದ್ದಾರೋ ಇಲ್ಲವೋ ಎಂಬುದರ ಮೇಲಷ್ಟೇ ಅವಿಭಕ್ತತೆಯನ್ನು ಅಳೆಯಲಾಗದು, ಆಸ್ತಿ, ಕಷ್ಟಸುಖ, ಹೊಣೆಗಾರಿಕೆ ಹೇಗೆ ಹಂಚಿಕೆಯಾಗಿದೆ ಎಂಬುದನ್ನೂ ನೋಡಬೇಕು ಎಂಬುದು ಅವರ ವಾದ. ಎ.ಎಂ. ಶಾ ಕೂಡ 1973ರಲ್ಲಿ, ‘ಮನೆ’ ಬೇರೆ ‘ಕುಟುಂಬ’ ಬೇರೆ ಎಂದು ಗೆರೆ ಎಳೆದು ತೋರಿಸಿದರು. ಪ್ರೊಫೆಸರುಗಳು ಪುಸ್ತಕ ಬರೆದು ಹೇಳಿದ್ದನ್ನು ಒಂಬತ್ತನೇ ತರಗತಿಯ ಹುಡುಗ ಒಂದು ಎಮ್ಮೆಯನ್ನು ಇಟ್ಟುಕೊಂಡು ಹೇಳಿದ್ದ. ಅವನ ಮಾತನ್ನೇ ಬೋರ್ಡಿನ ಮೇಲೆ ಬರೆದೆ.

ಆ ದಿನ ಮಕ್ಕಳಿಗೆ ಒಂದು ನಿರಾಳ ಸಿಕ್ಕಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಪುಸ್ತಕದ ಚಿತ್ರದಲ್ಲಿ ಇರುವ ಹಾಗೆ ಅಪ್ಪ, ಅವ್ವ, ಇಬ್ಬರು ಮಕ್ಕಳು ಸಾಲಾಗಿ ನಿಂತಿಲ್ಲದ ಮನೆಯೂ ಮನೆಯೇ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು.

ಅವ್ವನ ಗಡಿಯಾರ

ಫ್ಯಾಮುಲಸ್ ಎಂದರೆ ಸೇವಕ ಎಂದೆನಲ್ಲ, ಅದನ್ನೇ ಹಿಡಿದು ಒಂದು ಚಟುವಟಿಕೆ ಕೊಟ್ಟೆ. ಒಂದು ಭಾನುವಾರ ಮನೆಯಲ್ಲಿ ಯಾರು ಯಾವ ಕೆಲಸವನ್ನು ಎಷ್ಟು ಹೊತ್ತು ಮಾಡುತ್ತಾರೆ ಎಂದು ಬರೆದುಕೊಂಡು ಬರಬೇಕು. ಅಷ್ಟೇ.

ಸೋಮವಾರ ಬಂದ ಹಾಳೆಗಳಲ್ಲಿ ಅವ್ವಂದಿರ ಸಾಲು ಪುಟದ ಕೆಳಗಿನವರೆಗೂ ಇಳಿದಿತ್ತು. ಕಸ, ನೀರು, ರೊಟ್ಟಿ, ದನದ ಕೆಲಸ, ಬಟ್ಟೆ, ಮತ್ತೆ ಅಡುಗೆ. ನಡುವೆ ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ. ಬ್ಯಾಡಗಿ ಸೀಮೆಯಲ್ಲಿ ಹೆಣ್ಣುಮಕ್ಕಳ ಬೆರಳಿಗೆ ಅಂಟಿದ ಕೆಲಸ ಅದು, ಸಂಜೆ ಕೈ ಉರಿ ಇಳಿಯುವುದಿಲ್ಲ. ಒಬ್ಬ ಹುಡುಗ ಅಪ್ಪನ ಸಾಲಿನಲ್ಲಿ ‘ಕಟ್ಟೆ ಮೇಲೆ ಕುಂತಿದ್ದು, 2 ತಾಸು’ ಎಂದೂ ಪ್ರಾಮಾಣಿಕವಾಗಿ ದಾಖಲಿಸಿದ್ದ. ಇನ್ನೊಬ್ಬಳು ತನ್ನ ಸಾಲನ್ನೂ ಅಣ್ಣನ ಸಾಲನ್ನೂ ಪಕ್ಕಪಕ್ಕ ಬರೆದು, ಕೆಳಗೆ ಏನೂ ಬರೆಯದೆ ಎರಡು ಗೆರೆ ಎಳೆದಿದ್ದಳು.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ: ಯಾವುದೇ ಒಂದು ದಿನದಲ್ಲಿ ಇಂಥ ಕೆಲಸಕ್ಕೆ ಕೈ ಹಚ್ಚುವ ಹೆಂಗಸರು ಶೇ 81ರಷ್ಟಿದ್ದರೆ ಗಂಡಸರು ಶೇ 26ರಷ್ಟು ಮಾತ್ರ. ಇದನ್ನು ಬೋರ್ಡಿನ ಮೇಲೆ ಬರೆದಾಗ ಯಾರೂ ಬೆರಗಾಗಲಿಲ್ಲ. ‘ನಮ್ಮ ಹಾಳ್ಯಾಗೂ ಹಂಗ ಬಂದೈತ್ರಿ’ ಎಂದರು.

ಎರಡು ದಿನ ಬಿಟ್ಟು ಪೋಷಕರೊಬ್ಬರು ಶಾಲೆಗೆ ಬಂದರು. ಸಿಟ್ಟಿನಲ್ಲಿ ಇರಲಿಲ್ಲ, ಆದರೆ ಮಾತು ಖಡಕ್ಕಾಗಿತ್ತು. ‘ಮನಿ ಸುದ್ದಿ ಸಾಲಿಗೆ ಯಾಕ ಬೇಕ್ರಿ ಟೀಚರ್? ನಾಳೆ ಹುಡುಗ ನಾವು ಜಗಳಾಡಿದ್ದೂ ಬರದು ತರ್ತಾನ. ಊರಾಗ ಮರ್ಯಾದಿ ಉಳಿತೈತೇನು?’

ಅವರ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿರಲಿಲ್ಲ. ಮನೆಗೂ ಒಂದು ಬಾಗಿಲು ಇರಬೇಕು. ಬಡವರ ಮನೆಯ ಮಾತನ್ನು ಶಾಲೆಯ ಮೇಜಿನ ಮೇಲೆ ಹರಡಲು ಟೀಚರ್‌ಗೆ ಅಧಿಕಾರ ಕೊಟ್ಟವರು ಯಾರು? ಕುಟುಂಬವನ್ನು ಶಾಲೆಯಲ್ಲಿ ಕಲಿಸುವ ಪ್ರಯತ್ನಗಳೆಲ್ಲ ಮುಗ್ಗರಿಸುವುದು ಇದೇ ಹೊಸ್ತಿಲಲ್ಲಿ. ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ‘ಇದೆಲ್ಲ ಮಕ್ಕಳಿಗೆ ಯಾಕೆ’ ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ.

ನಮ್ಮ ಮಾರ್ಗದರ್ಶಕ ಶಿಕ್ಷಕಿ ಆ ತಂದೆಗೆ ಚಹಾ ತರಿಸಿದರು. ‘ಯಜಮಾನ್ರ, ನಿಮ್ಮ ಮನಿ ಸುದ್ದಿ ನಮಗ ಬ್ಯಾಡ. ಆದ್ರ ನಿಮ್ಮ ಮಗ ನಾಳೆ ಒಂದು ಮನಿ ನಡಸಬೇಕಲ್ಲ, ಅದಕ್ಕ ಬೇಕಾದ್ದು ಕಲಿಸೋಣ ಬ್ಯಾಡೇನು?’ ಎಂದರು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ತರಗತಿಯಲ್ಲಿ ಯಾರ ಮನೆಯ ಮಾತೂ ಬರಕೂಡದು. ‘ಒಂದೂರಾಗ ಒಂದು ಮನಿ’ ಎಂದು ಶುರುಮಾಡಿ ಏನು ಬೇಕಾದರೂ ಹೇಳಬಹುದು. ಕತೆಯಾದ ಮೇಲೆ ಯಾರದ್ದು ಎಂದು ಕೇಳುವಂತಿಲ್ಲ.

ಅಪ್ಪನ ಹತ್ತಿರ ಮಾತಾಡೋದು ಹೆಂಗ?

ಆ ನಿಯಮದಿಂದ ಪಾಠಕ್ಕೆ ಜೀವ ಬಂತು. ಒಂದೂರಾಗ ಒಂದು ಮನಿ, ಆ ಮನೆಯ ಹುಡುಗಿಗೆ ಪಟ್ಟಣದ ಕಾಲೇಜಿಗೆ ಹೋಗುವ ಆಸೆ. ಬಸ್ಸು ಸಂಜೆ ತಡ. ಅಪ್ಪ ಬೇಡ ಎನ್ನುತ್ತಾನೆ. ಇದನ್ನು ಆಡಿ ತೋರಿಸಿ ಎಂದೆ. ಅಪ್ಪನ ಪಾತ್ರಕ್ಕೆ ನಿಂತದ್ದು ಒಬ್ಬ ಹುಡುಗಿ. ಟವೆಲ್ ಹೆಗಲಿಗೆ ಹಾಕಿಕೊಂಡು ಅವಳು ಗದರಿದ ಪರಿಗೆ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾದರು. ಅವ್ವನ ಪಾತ್ರ ಮಾಡಿದ ಹುಡುಗ ಬಾಗಿಲ ಸಂದಿಯಲ್ಲಿ ನಿಂತು ಒಂದೂ ಮಾತಾಡಲಿಲ್ಲ. ‘ಯಾಕೋ ಸುಮ್ಮನಿದ್ದಿ?’ ಎಂದರೆ, ‘ಅವ್ವ ಮಾತಾಡಂಗಿಲ್ರಿ’ ಎಂದ.

ಜೀವನ ಕೌಶಲಗಳು ಎಂದು ನಾವು ಬಿ.ಇಡಿ.ಯಲ್ಲಿ ಓದಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ 10 ಕೌಶಲಗಳಲ್ಲಿ ಅನುಭೂತಿ, ಪರಿಣಾಮಕಾರಿ ಸಂವಹನ, ಅಂತರ್‌ವ್ಯಕ್ತಿ ಸಂಬಂಧ, ಭಾವನೆಗಳ ನಿರ್ವಹಣೆ ಎಲ್ಲವೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ಹದಿಹರೆಯದವರಿಗೆಂದೇ ಜೀವನ ಕೌಶಲ ಶಿಕ್ಷಣದ ಮಾದರಿಯನ್ನು ರೂಪಿಸಿ ಶಿಕ್ಷಕರಿಗೆ ತರಬೇತಿ ಕೊಟ್ಟಿದೆ. ‘ನೀನು ಯಾವಾಗಲೂ ಹೀಗೇ’ ಎನ್ನುವ ಬದಲು ‘ನನಗೆ ಹೀಗೆ ಅನಿಸುತ್ತದೆ’ ಎಂದು ಮಾತು ಶುರು ಮಾಡಿದರೆ ಎದುರಿನವರು ಕೇಳಿಸಿಕೊಳ್ಳುತ್ತಾರೆ ಎಂದು ನಾನು ಪುಸ್ತಕದ ಪಾಠ ಹೇಳಿದೆ.

ಹುಡುಗಿಯೊಬ್ಬಳು ಎದ್ದು ನಿಂತಳು. ‘ನಮ್ಮಪ್ಪಗ ಹಂಗಂದ್ರ, ಟಿವಿಯೊಳಗಿನವರಂಗ ಮಾತಾಡ್ತೀಯಲ್ಲ ಅಂತಾನ್ರಿ.’

ಹಾಗಾದರೆ ನಿಮ್ಮ ಮನೆಗಳಲ್ಲಿ ಹೇಗೆ ಮಾತಾಡಬೇಕು, ನೀವೇ ಹೇಳಿ ಎಂದೆ. ಮಕ್ಕಳು ಕೊಟ್ಟ ಪಟ್ಟಿ ಯಾವ ತರಬೇತಿಯ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಅಪ್ಪ ಉಂಡ ಮೇಲೆ ಹೇಳಬೇಕು, ಮೊದಲು ಅಲ್ಲ. ಮಂದಿ ಇದ್ದಾಗ ಕೇಳಬಾರದು, ಇಲ್ಲ ಅಂದುಬಿಟ್ಟರೆ ಆಮೇಲೆ ಹೌದು ಅನ್ನಲು ಅವನಿಗೆ ಮರ್ಯಾದೆ ಅಡ್ಡ ಬರುತ್ತದೆ. ಎದುರಿಗೆ ನಿಂತು ಹೇಳುವುದಕ್ಕಿಂತ ಗಾಡಿಯ ಹಿಂದೆ ಕೂತು ಹೇಳುವುದು ಸಲೀಸು, ಮುಖ ಕಾಣುವುದಿಲ್ಲ. ಒಂದೇ ದಿನ ಉತ್ತರ ಬೇಡಬಾರದು, ‘ವಿಚಾರ ಮಾಡಪ್ಪ’ ಎಂದು ಎದ್ದು ಬರಬೇಕು. ಅಪ್ಪ ಯಾರ ಮಾತು ಕೇಳುತ್ತಾನೋ ಅವರ ಬಾಯಿಂದ ಹೇಳಿಸಬೇಕು.

ಈ ಕೊನೆಯ ಮಾತಿಗೆ ಜೋತುಬಿದ್ದು ‘ಸಂಬಂಧಗಳ ನಕ್ಷೆ’ ಬರೆಸಿದೆ. ನಡುವೆ ನೀನು. ಸುತ್ತ ನಿನ್ನವರು. ಯಾರ ಮುಂದೆ ನಗಬಹುದು, ಯಾರ ಮುಂದೆ ದನಿ ಇಳಿಯುತ್ತದೆ, ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತಿ, ಗೆರೆ ಎಳೆ.

ಈ ವಿಷಯದಲ್ಲಿ ಕನ್ನಡದ ಮಕ್ಕಳು ಭಾಗ್ಯವಂತರು. ಇಂಗ್ಲಿಷಿನವರಿಗೆ ಎಲ್ಲರೂ ‘ಅಂಕಲ್’. ನಮಗೆ ದೊಡ್ಡಪ್ಪ, ಕಾಕಾ, ಮಾವ ಬೇರೆ ಬೇರೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಬಂಧುತ್ವದ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದಾಗ ತಮಿಳು, ತೆಲುಗಿನ ಜೊತೆಗೆ ಕನ್ನಡದ ಸಂಬಂಧವಾಚಕಗಳನ್ನೂ ಪಟ್ಟಿ ಮಾಡಿದ್ದ. ಚಿಕ್ಕಪ್ಪನ ಮಕ್ಕಳು ನಮಗೆ ಅಣ್ಣ, ತಂಗಿ. ಆದರೆ ಸೋದರಮಾವನ ಮಕ್ಕಳು ಹಾಗಲ್ಲ. ತಾಯಿಯ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಯಾರ ಜೊತೆ ಮದುವೆಯ ಸಂಬಂಧ ಕೂಡುತ್ತದೆ ಎಂಬುದನ್ನು ನಮ್ಮ ಪದಗಳೇ ಹೇಳಿಬಿಡುತ್ತವೆ.

ಇಷ್ಟು ಹೇಳುವಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ತನ್ನ ನಕ್ಷೆಯ ಮೇಲೆ ಅಂಗೈ ಮುಚ್ಚಿದಳು.

ಪೆಟ್ಟಿಗೆಯೊಳಗಿನ ಚೀಟಿ

ತರಗತಿಯಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೆವು. ಚಪ್ಪಲಿಯ ಖಾಲಿ ಡಬ್ಬಿ, ಮೇಲೊಂದು ಸೀಳು. ಹೆಸರು ಬರೆಯಬೇಕಿಲ್ಲ. ಬಂದ ಚೀಟಿಗಳು ನಮ್ಮ ಪ್ರಶ್ನೆಪತ್ರಿಕೆಗಳಿಗಿಂತ ಚೆನ್ನಾಗಿದ್ದವು. ‘ಗೆಳೆಯ ಮಾತು ಬಿಟ್ಟಾನ, ಮೊದಲು ಯಾರು ಮಾತಾಡಿಸಬೇಕು?’ ‘ಹುಡುಗಿ ಜೋಡಿ ನೋಟ್ಸ್ ಕೇಳಿದ್ರೂ ಲವ್ ಅಂತಾರ, ಏನು ಮಾಡೋದು?’ ‘ಅಪ್ಪ ಕುಡಿದು ಬಂದಾಗ ನಾನು ಎಲ್ಲಿ ಇರಬೇಕು?’

ಒಂದು ಮಧ್ಯಾಹ್ನ ಬಿಸಿಯೂಟದ ನಂತರ ಡಬ್ಬಿ ತೆರೆದಾಗ ನಾಲ್ಕು ಮಡಿಕೆಯ ಚೀಟಿ ಸಿಕ್ಕಿತು. ‘ಮದುವಿ ಮಾತು ಮುಗದ ಮ್ಯಾಲೆ ಹುಡುಗಿ ಒಲ್ಲೆ ಅನ್ನಬಹುದೇನು? ಅಂದ್ರ ಅವರಪ್ಪಗ ಪೊಲೀಸರು ಹಿಡಿತಾರೇನು?’

ಚೀಟಿಯನ್ನು ನೇರವಾಗಿ ಮಾರ್ಗದರ್ಶಕ ಶಿಕ್ಷಕಿಯ ಕೈಗೆ ಕೊಟ್ಟೆ. ಅವರು ಅಕ್ಷರ ಗುರುತಿಸಲು ಹೋಗಲಿಲ್ಲ. ಮರುದಿನ ಅದೇ ಪಾಠದ ಭಾಗವೆಂಬಂತೆ ಇಡೀ ತರಗತಿಗೆ ಕಾನೂನು ವಿವರಿಸಿದರು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕರ್ನಾಟಕ ಇದಕ್ಕೆ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹಕ್ಕೆ ಆರಂಭದಿಂದಲೇ ಮಾನ್ಯತೆ ಇಲ್ಲ. ಸೋದರಮಾವನ ಜೊತೆ ಮದುವೆಯಾಗುವ ರೂಢಿಗೆ 1955ರ ಹಿಂದೂ ವಿವಾಹ ಕಾಯ್ದೆ ಸಂಪ್ರದಾಯದ ವಿನಾಯಿತಿ ಕೊಟ್ಟಿರಬಹುದು, ಆದರೆ ವಯಸ್ಸಿಗೆ ಯಾವ ಸಂಪ್ರದಾಯದ ವಿನಾಯಿತಿಯೂ ಇಲ್ಲ.

ಆಮೇಲೆ ಚೀಟಿಯ ಎರಡನೇ ಪ್ರಶ್ನೆಗೆ ಬಂದರು. ಮದುವೆ ನಡೆದುಹೋದರೆ ನಡೆಸಿದ ಹಿರಿಯರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಮುಂಚೆಯೇ ಗೊತ್ತಾದರೆ ಅಧಿಕಾರಿಗಳು ಬಂದು ತಿಳಿಹೇಳುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ‘ಹಂಗಂದ್ರ, ಮೊದಲ ಹೇಳಿದ ಮಗಳು ಅಪ್ಪನ್ನ ಹಿಡಿದು ಕೊಡ್ತಾಳಂತ ಅಲ್ಲ. ಅಪ್ಪನ್ನ ಉಳಿಸ್ತಾಳಂತ.’ ಮಕ್ಕಳ ಸಹಾಯವಾಣಿ 1098 ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಹೆಸರು ಹೇಳದೆಯೂ ಕರೆ ಮಾಡಬಹುದು ಎಂದರು.

ಮರುದಿನ ಮೂರನೇ ಬೆಂಚಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಹುಡುಗ ಅವಳ ಸೋದರಮಾವ. ಆಯಿಗೆ ವಯಸ್ಸಾಗಿದೆ, ಕಣ್ಣು ಮುಚ್ಚುವ ಮುಂಚೆ ಮೊಮ್ಮಗಳನ್ನೇ ಸೊಸೆಯಾಗಿ ನೋಡುವ ಆಸೆ. ಪರೀಕ್ಷೆ ಮುಗಿದು, ಬಸವ ಜಯಂತಿಯ ಹೊತ್ತಿಗೆ ಮದುವೆ ಎಂದು ಮಾತಾಗಿತ್ತು.

‘ಮಾಮಾ ಚೊಲೋ ಅದಾನ್ರಿ ಟೀಚರ್. ಸೈಕಲ್ ಕಲಿಸಿದ್ದ ಅಂವ. ಆದ್ರ ಮದುವಿ ಬ್ಯಾಡ್ರಿ. ಅಪ್ಪಗೂ ಏನೂ ಆಗಬಾರದು.’

ಎಲ್ಲ ಸಂಕಟವೂ ಆ ನಾಲ್ಕು ವಾಕ್ಯದಲ್ಲಿತ್ತು. ಬಾಲ್ಯವಿವಾಹ ಎಂದ ಕೂಡಲೇ ನಾವು ಒಬ್ಬ ದುಷ್ಟನನ್ನು ಹುಡುಕುತ್ತೇವೆ. ಈ ಮನೆಯಲ್ಲಿ ದುಷ್ಟರು ಯಾರೂ ಇರಲಿಲ್ಲ. ಇದ್ದದ್ದು ಪ್ರೀತಿ, ಬಡತನ, ಮುದುಕಿಯ ಆಸೆ, ಯಾರನ್ನೂ ಕೇಳದೆ ಮುಗಿದುಹೋದ ಮಾತುಕತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸರಿಸುಮಾರು ಐವರಲ್ಲಿ ಒಬ್ಬರ ಮದುವೆ 18 ತುಂಬುವ ಮೊದಲೇ ಆಗಿದೆ. ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ, ಒಂಬತ್ತನೇ ತರಗತಿ ಅದರ ಆಚೆಗಿದೆ. ಕುಟುಂಬದ ಪಾಠ ಬರುವುದು ಹುಡುಗಿಯರು ಶಾಲೆ ಬಿಡುವ ಅಪಾಯ ಶುರುವಾಗುವ ವರ್ಷದಲ್ಲೇ.

ಶಿಕ್ಷಕಿ ಮುಖ್ಯೋಪಾಧ್ಯಾಯರಿಗೆ ತಿಳಿಸಿದರು, ಅವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರಿಗೆ ತಿಳಿಸಿದರು. ಅದು ಕಾನೂನಿನ ದಾರಿ. ಅದರ ಜೊತೆಗೆ ಹುಡುಗಿಗೆ ಒಂದು ಪ್ರಶ್ನೆ ಕೇಳಿದರು: ‘ಮನ್ಯಾಗ ನಿನ್ನ ಮಾತು ಯಾರು ಕೇಳ್ತಾರ?’ ಅವಳು ತನ್ನ ನಕ್ಷೆ ತೆಗೆದಳು. ಅದರಲ್ಲಿ ದಪ್ಪ ಗೆರೆ ಎಳೆದಿದ್ದದ್ದು ದೊಡ್ಡವ್ವನಿಗೆ. ಎರಡನೇ ಗೆರೆ, ಅದೇ ಸೋದರಮಾವನಿಗೆ.

ಅಧಿಕಾರಿಗಳು ಬರುವ ದಿನ ದೊಡ್ಡವ್ವ ಹುಡುಗಿಯ ಪಕ್ಕ ಕೂತಿದ್ದರಂತೆ. ಹಿರಿಯರೆಲ್ಲ ಮಾತಾಡಿ ಮುಗಿಸಿದ ಮೇಲೆ ಆ ಸೋದರಮಾವ ಬಾಯಿ ಬಿಟ್ಟ ಎಂದು ಶಿಕ್ಷಕಿ ಹೇಳಿದರು. ‘ನನ್ನೂ ಯಾರೂ ಕೇಳಿಲ್ಲ. ನಾನು ಎತ್ತಿ ಆಡಿಸಿದ ಹುಡುಗಿ ಅದು.’ ತಂದೆ ಮುಚ್ಚಳಿಕೆಗೆ ಸಹಿ ಹಾಕಿದರು. 18 ತುಂಬುವವರೆಗೆ ಮದುವೆಯ ಮಾತಿಲ್ಲ, ಹತ್ತನೇ ತರಗತಿಗೆ ಕಳಿಸುತ್ತೇವೆ ಎಂದರು.

ಇದನ್ನು ಗೆಲುವಿನ ಕತೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆಯಿ ಎರಡು ತಿಂಗಳು ಮೊಮ್ಮಗಳ ಜೊತೆ ಮಾತು ಬಿಟ್ಟರು. ಹುಡುಗಿ ಅದನ್ನು ಹೇಳುವಾಗ ಅತ್ತಳು. ಮದುವೆ ತಪ್ಪಿದ್ದಕ್ಕೆ ಅವಳು ತೆತ್ತ ಬೆಲೆ ಅದು, ಅದನ್ನು ಯಾವ ಸಹಾಯವಾಣಿಯೂ ಭರಿಸಲಾರದು. ಈಗ ಅವಳು ಹತ್ತನೇ ತರಗತಿಯಲ್ಲಿದ್ದಾಳೆ. 18 ತುಂಬಿದ ಮೇಲೆ ಏನು ಎಂಬ ಮಾತು ಅವಳದ್ದು. ಆಗ ಅವಳನ್ನು ಕೇಳಿಯಾದರೂ ಕೇಳುತ್ತಾರೆ ಎಂಬ ನಂಬಿಕೆ ನನ್ನದು.

ಪಾಠ ಇದೆ, ಪೀರಿಯಡ್ ಬೇಕು

ಹೈಸ್ಕೂಲಿನಲ್ಲಿ ಕುಟುಂಬ, ಸಂಬಂಧಗಳ ಬಗ್ಗೆ ಕಲಿಸುವ ಹೊಸ ವಿಷಯ ಬೇಕು ಎಂದು ಆಗಾಗ ಕೇಳುತ್ತೇವೆ. ಇಲ್ಲ ಎನ್ನಲು ಏನೂ ಇಲ್ಲ. ಆದರೆ ಇರುವುದನ್ನೇ ನಾವು ಬಳಸುತ್ತಿಲ್ಲ. ಸಮಾಜ ವಿಜ್ಞಾನದಲ್ಲಿ ಪಾಠ ಇದೆ. ಪಿಯುಸಿಯಲ್ಲಿ ಸಮಾಜಶಾಸ್ತ್ರ, ಗೃಹವಿಜ್ಞಾನ ಇವೆ, ಗೃಹವಿಜ್ಞಾನ ಎಂದರೆ ಹುಡುಗಿಯರ ಅಡುಗೆ ಕ್ಲಾಸು ಎಂದು ಹುಡುಗರು ಅತ್ತ ತಿರುಗಿ ನೋಡುವುದಿಲ್ಲ ಅಷ್ಟೇ. ಆಯುಷ್ಮಾನ್ ಭಾರತದಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಅಂತರ್‌ವ್ಯಕ್ತಿ ಸಂಬಂಧ, ಭಾವನಾತ್ಮಕ ಯೋಗಕ್ಷೇಮ, ಲಿಂಗ ಸಮಾನತೆ, ಅಂತರ್ಜಾಲದ ಸುರಕ್ಷಿತ ಬಳಕೆ ಸೇರಿವೆ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಪುರುಷ ಒಬ್ಬ ಮಹಿಳೆ, ಅದರ ರಾಯಭಾರಿಗಳಾಗಬೇಕು ಎಂಬ ಏರ್ಪಾಡೂ ಇದೆ. ಕಾಗದದ ಮೇಲೆ ಕೊರತೆ ಇಲ್ಲ. ಕೊರತೆ ಇರುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಓಟದಲ್ಲಿ ಆ ಪೀರಿಯಡ್ ಉಳಿಸಿಕೊಳ್ಳುವ ಮನಸ್ಸಿಗೆ.

ಇನ್ನೊಂದು ಮಾತು ಹುಡುಗರ ಬಗ್ಗೆ. ಇಂಥ ಪಾಠ ಹುಡುಗಿಯರಿಗೆ ಎಂದು ಭಾವಿಸುವವರು ನಮ್ಮ ಡಬ್ಬಿಯ ಚೀಟಿಗಳನ್ನು ಓದಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ‘ನಾನು ಬರ್ತಿದ್ದೆ’, ‘ನಾನು ಹೋಗಿದ್ದೆ’ ಎಂದು ಹುಡುಗರ ಹಸ್ತಾಕ್ಷರದ ಓರೆ ಸಾಲುಗಳೇ ಇದ್ದವು. ಅಳು ಬಂದರೆ ಎಲ್ಲಿ ಅಳಬೇಕು ಎಂಬ ಪ್ರಶ್ನೆ ಬಂದದ್ದೂ ಹುಡುಗನಿಂದಲೇ. ಅವನಿಗಾಗಿ ಬೋರ್ಡಿನ ಮೇಲೆ 1098ರ ಕೆಳಗೆ ಇನ್ನೊಂದು ಸಂಖ್ಯೆ ಬರೆದೆವು: 14416, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಟೆಲಿ ಮಾನಸ್ ಉಚಿತ ಸಹಾಯವಾಣಿ. ಎಮ್ಮೆಯ ಕತೆ ಹೇಳಿದ ಹುಡುಗ ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡದ್ದನ್ನು ನೋಡಿದೆ. ಯಾರಿಗೆ ಎಂದು ಕೇಳಲಿಲ್ಲ, ನಿಯಮ ನಿಯಮವೇ.

ಪ್ರತಿ ವರ್ಷ ನಮ್ಮ ಹಾಗೆ ಸಾವಿರಾರು ಪ್ರಶಿಕ್ಷಣಾರ್ಥಿಗಳು ಹೈಸ್ಕೂಲುಗಳಿಗೆ ಹೋಗುತ್ತಾರೆ. ಪಾಠ ಹಂಚಿಕೊಳ್ಳುವಾಗ ದಯವಿಟ್ಟು ‘ಕುಟುಂಬ’ವನ್ನು ಕೊನೆಗೆ ಉಳಿಸಬೇಡಿ, ಮೊದಲೇ ಕೇಳಿ ಪಡೆಯಿರಿ. ಚಾರ್ಟು ಬೇಕಿಲ್ಲ, ಒಂದು ಖಾಲಿ ಡಬ್ಬಿ ಸಾಕು. ಟೀಚರ್ ಅಲ್ಲದವರು ಇಂದು ಸಂಜೆ ತಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂಬತ್ತನೇ ತರಗತಿ ಓದುತ್ತಿರುವ ತಮ್ಮ, ತಂಗಿಯ ಪಕ್ಕ ಕುಳಿತು, ‘ನಿನ್ನ ಮಾತು ಯಾರು ಕೇಳ್ತಾರೆ?’ ಎಂದು ಕೇಳಿ ನೋಡಿ. ಬರುವ ಉತ್ತರದಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ಅಂದಿನಿಂದಲೇ ಕೇಳಿಸಿಕೊಳ್ಳಲು ಶುರು ಮಾಡಬಹುದು.